ಮೀನಿಗೆ ಸ್ವೆಟರ್ ಹೆಣೆದವನ ಮಾತು

ಚಾತುಕುಟ್ಟಿ ಮಾಷ್, ಊರಿನ ಹಳೆಯ ಮೇಷ್ಟ್ರು, ಎರಡು ವರ್ಷದಿಂದ ಹೊಗಳುತ್ತಿದ್ದ ಚಿತ್ರವದು. ತಿರುವನಂತಪುರದ ಚಿತ್ರೋತ್ಸವದಲ್ಲಿ ಜಾಗ ಸಿಗದೆ ಮೆಟ್ಟಿಲ ಮೇಲೆ ಕೂತು ನೋಡಿ ಬಂದವರು, ಊರಿನ ಗ್ರಂಥಾಲಯದಲ್ಲಿ ಅದನ್ನು ತೋರಿಸದೆ ತಾನು ಸಾಯುವುದಿಲ್ಲ ಎಂದಿದ್ದರು. ಕೇಳಿ ಕೇಳಿ ವಿಲಾಸಿನಿಗೂ ಆಸೆ ಹತ್ತಿತ್ತು. ಕೊನೆಗೆ ಚಿತ್ರ ಸಿಕ್ಕಿದಾಗ, ಅದಕ್ಕೆ ಮಲಯಾಳದ ಅಡಿಬರಹ ಬರೆಯುವ ಕೆಲಸವನ್ನು ಮಾಷ್ ಅವಳಿಗೇ ಒಪ್ಪಿಸಿದರು. ಟ್ಯುಟೋರಿಯಲ್‌ನಲ್ಲಿ ಇಂಗ್ಲಿಷ್ ಕಲಿಸುವವಳು, ಒಂದು ಅಲ್ಪವಿರಾಮಕ್ಕೂ ಎರಡು ಸಲ ಯೋಚಿಸುವವಳು, ಇನ್ನಾರಿಗೆ ಒಪ್ಪಿಸಬೇಕು?

ಚಿತ್ರ ನೋಡಿದ ವಿಲಾಸಿನಿಗೆ ಮೋಸಹೋದ ಹಾಗಾಯಿತು. ಚಳಿದೇಶದ ದ್ವೀಪವೊಂದರಲ್ಲಿ ದೀಪಸ್ತಂಭ ಕಾಯುವ ಮುದುಕ ಮೀನುಗಳಿಗೆ ಸ್ವೆಟರ್ ಹೆಣೆಯುತ್ತಾನೆ. ಮೋಡಗಳಿಗೆ ಹೆಸರಿಡುತ್ತಾನೆ. ಎರಡು ಗಂಟೆ ಇಷ್ಟೇ. ನಡುನಡುವೆ ಅವನಾಡುವ ಮಾತುಗಳೋ, ಸಕ್ಕರೆ ಪಾಕಕ್ಕೆ ಮತ್ತೆ ಬೆಲ್ಲ ಸುರಿದ ಹಾಗೆ. ತನಗೇ ರುಚಿ ತಿಳಿಯುತ್ತಿಲ್ಲವೇನೋ ಎಂದು ಮೂರು ಸಲ ನೋಡಿದಳು. ಮೂರನೆಯ ಸಲ ಆಕಳಿಕೆ ಬಂತು.

ಮೊದಲು ಬದಲಿಸಿದ್ದು ಒಂದೇ ಸಾಲು. "ಮೌನವೂ ಉಣ್ಣೆಯ ಒಂದು ಎಳೆ" ಎಂದು ಅವನು ಹೇಳುವಲ್ಲಿ ಅವಳು ಬರೆದಳು: "ಮೀನಿಗೆ ಸ್ವೆಟರ್ ಯಾಕೆ ಅಂತ ನನ್ನನ್ನ ಕೇಳಬೇಡಿ. ನನಗೂ ಗೊತ್ತಿಲ್ಲ." ಬರೆದ ಮೇಲೆ ನಗು ಬಂತು. ಆಮೇಲೆ ಕೈ ನಿಲ್ಲಲಿಲ್ಲ.

ಭಾನುವಾರ ಮಧ್ಯಾಹ್ನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಚಿತ್ರ ಹಾಕಿದರು. ಮಾಷ್‌ಗೆ ಒಂದೊಂದು ಮಾತೂ ಬಾಯಿಪಾಠ. ಇನ್ನೆಂದೂ ಅವರು ತನ್ನನ್ನು ನಂಬಲಾರರು. ಅವಳು ಪರದೆ ನೋಡಲೇ ಇಲ್ಲ. ಮುಂದಿನ ಸಾಲಿನಲ್ಲಿದ್ದ ಮಾಷ್‌ರ ಬೋಳುತಲೆಯನ್ನೇ ನೋಡುತ್ತ ಕೂತಳು. ಅದು ಅಲುಗಲಿಲ್ಲ. ಉಳಿದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು.

"ಬರೀ ಮೈಲಿರೋ ಮೀನಿಗೇ ಚೌಕಾಸಿ ಮಾಡ್ತಾರೆ," ಮೀನು ಮಾರುವ, ಊರಿಗೆಲ್ಲ ಅಕ್ಕನಾದ ಕಾರ್ತ್ಯಾಯನಿ ಚೇಚಿ ಗಟ್ಟಿಯಾಗಿ ಹೇಳಿದಳು, "ಇನ್ನು ಅಂಗಿ ಹಾಕಿದ್ರೆ ತೂಕದಲ್ಲಿ ಮೋಸ ಅಂತಾರೆ."

ಚಿತ್ರ ಮುಗಿದು ಚರ್ಚೆ ಶುರುವಾದಾಗ ದರ್ಜಿ ಅಶೋಕನ್ ಎದ್ದು ನಿಂತ.

"ಮಾಷೇ, ಹೊರಗೆ ಬೋರ್ಡಲ್ಲಿ ಬರ್ದಿದೀರಲ್ಲ, ಮೌನವೂ ಉಣ್ಣೆಯ ಎಳೆ ಅಂತ. ಅದು ಎಲ್ಲಿ ಬಂತು? ಅದಕ್ಕೇ ಅಂತ ಕಾದು ಕೂತಿದ್ದೆ."

ಮಾಷ್ ತಿರುಗಿ ವಿಲಾಸಿನಿಯನ್ನು ನೋಡಿದರು. ಅವಳು ಎದ್ದಳು.

"ನಾನು ತೆಗೆದೆ ಮಾಷೇ. ಅದೊಂದೇ ಅಲ್ಲ. ಚಿತ್ರ ನನಗೆ ಹಿಡಿಸ್ಲಿಲ್ಲ. ಇಷ್ಟಪಡೋಕೆ ತುಂಬಾ ಪ್ರಯತ್ನಪಟ್ಟೆ, ಆಗ್ಲಿಲ್ಲ. ನನ್ನ ಮಾತನ್ನ ಅವನ ಬಾಯಿಗೆ ತುರುಕಿದೆ. ತಪ್ಪಾಯ್ತು."

ಮಾಷ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ಹಾಗಾದ್ರೆ ಆ ಮನುಷ್ಯ ನಿಜವಾಗಿ ಏನಂದ?" ಕಾರ್ತ್ಯಾಯನಿ ಚೇಚಿ ಕೇಳಿದಳು. "ಪಾಪ, ಅವನದ್ದೂ ಕೇಳ್ಬೇಕಲ್ಲ. ಇನ್ನೊಂದ್ಸಲ ಹಾಕಿ ಮಾಷೇ."

ಹಾಕಿದರು. ಮಾಷ್ ಪರದೆಯ ಪಕ್ಕ ನಿಂತು ಮುದುಕನ ಮಾತುಗಳನ್ನು ಬಾಯಲ್ಲೇ ಹೇಳುತ್ತ ಹೋದರು. ಕೆಳಗೆ ವಿಲಾಸಿನಿಯ ಸಾಲುಗಳು ಓಡುತ್ತಿದ್ದವು. ಸಭೆ ಎರಡು ಪಾಲಾಯಿತು.

"ಇದು ಟೀಚರ್‌ದೇ ಸರಿ."

"ಸುಮ್ನಿರೋ, ಮಾಷ್ ಇನ್ನೂ ಮುಗಿಸಿಲ್ಲ."

ಉಣ್ಣೆಯ ಎಳೆ ಬಂದಾಗ ಅಶೋಕನ್, "ಇದಕ್ಕಾ ನಾನು ಕಾದಿದ್ದು?" ಎಂದ. ಮೊದಲು ನಕ್ಕವರು ಮಾಷ್. ಆ ನಗು ನೋಡಿ ವಿಲಾಸಿನಿಗೆ ಉಸಿರು ಬಂತು.

ಕೊನೆಗೆ ಮುದುಕ ಸತ್ತ ಮೀನೊಂದನ್ನು ಸ್ವೆಟರ್ ಸಮೇತ ನೀರಿಗೆ ಬಿಟ್ಟ. "ಅಲ್ಲಿ ಚಳಿ ಇರಬಹುದು" ಎಂದರು ಮಾಷ್, ಅಷ್ಟೇ. ವಿಲಾಸಿನಿ ಅಲ್ಲೊಂದು ಹಾಸ್ಯ ಬರೆದಿದ್ದಳು. ಈ ಸಲ ಅದಕ್ಕೆ ಯಾರೂ ನಗಲಿಲ್ಲ.

"ಇದು ಮಾಷ್‌ದು," ಎಂದಳು ಕಾರ್ತ್ಯಾಯನಿ ಚೇಚಿ ಮೆಲ್ಲಗೆ.

"ಹೌದು, ಮಾಷ್‌ದೇ," ಎಂದಳು ವಿಲಾಸಿನಿ. ಅದು ಮನಸ್ಸಿನಿಂದಲೇ ಬಂದ ಮಾತಾಗಿತ್ತು.

ಬಾಗಿಲು ಹಾಕುವಾಗ ಮಾಷ್ ಅವಳ ಹತ್ತಿರ ಬಂದರು.

"ಮುಂದಿನ ತಿಂಗಳ ಚಿತ್ರ ನೀನೇ ಆರಿಸು. ನಿನಗೆ ಪ್ರಾಣ ಅಂತಿರೋದನ್ನೇ ತಾ."

"ಅಡಿಬರಹ ನಾನೇ ಬರೀಲಾ ಮಾಷೇ?"

"ಛೆ, ನಿನಗ್ಯಾಕೆ ತೊಂದರೆ," ಮಾಷ್ ಚಪ್ಪಲಿ ಮೆಟ್ಟಿಕೊಂಡರು. "ಅದನ್ನ ನಾನು ಬರೀತೀನಿ."