ಯಾರಪ್ಪನ ಹೆಗಲು

"ಲೇ ಬೋಳಿಮಗನೆ, ಎತ್ತಿನ ಹಿಂದೆ ಬಗ್ಗು. ನಿನ್ನ ದರಿದ್ರ ಮುಸುಡಿ ಫೋಟೊದಲ್ಲಿ ಬೀಳ್ಬಾರ್ದು."

ಸಾಹೇಬರ ಸಹಾಯಕ ಹೀಗೆ ಬಯ್ದಾಗ ನಾನು ನೊಗಕ್ಕೆ ಎತ್ತು ಕಟ್ಟುತ್ತಿದ್ದೆ. ಬಗ್ಗಿದೆ. ಸಾಹೇಬರು ಇಸ್ತ್ರಿ ಅಂಗಿಯಲ್ಲಿ ಬಂದು, ಬಸ್ಸಿನ ಕಂಬಿ ಹಿಡಿದ ಹಾಗೆ ನೇಗಿಲು ಹಿಡಿದರು. ಪ್ರತಿ ಚುನಾವಣೆಗೂ ಮುಂಚೆ ಈ ಹೊಲಕ್ಕೆ ಬಂದು ಫೋಟೊ ತೆಗೆಸಿಕೊಂಡು, ಭಾಷಣ ಮಾಡಿ ಹೋಗುತ್ತಾರೆ. ಎತ್ತು ಹೂಡಿಕೊಡುವವನು ನಾನು.

ಸಾಹೇಬರೂ ನಾನೂ ಒಂದೇ ವಾರಿಗೆಯವರು. ಅವರು ಈ ಹೊಲದ ಧಣಿಯ ಮಗ, ನಾನು ಧಣಿಯ ಆಳಿನ ಮಗ. ಅವರು ಓದಲು ಪಟ್ಟಣಕ್ಕೆ ಹೊರಟಾಗ ಟ್ರಂಕು ಹೊತ್ತವನೂ ನಾನೇ. ಕಾಲೇಜಿನಲ್ಲಿ ಲೀಡರಾದರು, ಆಮೇಲೆ ಶಾಸಕ, ಆಮೇಲೆ ಮಂತ್ರಿ. ಹೊಟ್ಟೆ ಉರಿಯಲಿಲ್ಲವೇ ಎಂದರೆ, ಉರಿಯಿತು. ಅವರ ಅಂಗಿ ಕಂಡರೆ ಉರಿ, ಕಾರು ಕಂಡರೆ ಉರಿ, ಈ ವಯಸ್ಸಿನಲ್ಲೂ ಅವರ ಬಾಯಲ್ಲಿ ಹಲ್ಲು ಪೂರ್ತಿ ಇರುವುದು ಕಂಡರೂ ಉರಿ. ಅದನ್ನೆಲ್ಲ ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಒಂದಿತ್ತು.

ನಾವು ಹುಡುಗರಾಗಿದ್ದಾಗ ಉಳುಮೆಯ ನಡುವೆ ಒಂದು ಎತ್ತು ಸತ್ತಿತು. ಧಣಿ ನನ್ನಪ್ಪನ ಕೊರಳನ್ನೇ ನೊಗಕ್ಕೆ ಕಟ್ಟಿಸಿ, ತಾನು ನೇಗಿಲು ಹಿಡಿದು ಉತ್ತ. ಬಾರುಕೋಲು ಎತ್ತಿಗೂ ಬಿತ್ತು, ಅಪ್ಪನಿಗೂ ಬಿತ್ತು. ಬದುವಿನ ಮೇಲೆ ಕೂತು ನಾವಿಬ್ಬರೂ ನೋಡಿದ್ದೆವು. ಸಾಯುವವರೆಗೂ ಅಪ್ಪನ ಹೆಗಲು ನೆಟ್ಟಗಾಗಲಿಲ್ಲ. ಅವನು ನನಗೆ ಬಿಟ್ಟುಹೋದ ಆಸ್ತಿ ಎಂದರೆ ಆ ಕತೆ.

ಅದನ್ನು ಈಗ ಸಾಹೇಬರು ಹೇಳುತ್ತಾರೆ, ತಮ್ಮ ಅಪ್ಪನದೆಂದು. ಹೋದ ವಾರ ಟಿವಿಯಲ್ಲಿ ಹೇಳಿದಾಗ ನನ್ನ ಹೆಂಡತಿ ಕಣ್ಣೊರೆಸಿಕೊಂಡಳು.

"ಅದು ನಮ್ಮಪ್ಪನ ಕತೆ ಕಣೆ. ಎಷ್ಟು ಸಲ ಹೇಳಿದೀನಿ ನಿಂಗೆ."

"ಹೇಳಿದೀಯ. ನೀನು ಹೇಳಿದ್ರೆ ಅಳು ಬರಲ್ಲ ಮಾರಾಯ. ಅವ್ರು ಹೇಳಿದ್ರೆ ಕರುಳು ಕಿತ್ತು ಬರತ್ತೆ."

ಹೊಲ ಅವರದು, ಖುರ್ಚಿ ಅವರದು, ನನ್ನ ಹೆಂಡತಿಯ ಕಣ್ಣೀರೂ ಅವರ ಪಾಲಾಯಿತು.

ಈಗ ಹೊಲದಲ್ಲಿ ಫೋಟೊ ಮುಗಿದು, ಒಂದು ಕೈ ನೇಗಿಲ ಮೇಲಿದ್ದ ಹಾಗೇ ಸಾಹೇಬರ ಇನ್ನೊಂದು ಕೈಗೆ ಮೈಕು ಬಂತು. ಬದುವಿನ ತುಂಬ ಜನ. ನನ್ನವಳೂ ಇದ್ದಳು.

"ಇದೇ ಹೊಲದಲ್ಲಿ, ಎತ್ತು ಸತ್ತಾಗ, ನನ್ನ ತಂದೆ ನೊಗಕ್ಕೆ ಹೆಗಲು ಕೊಟ್ರು. ಆ ಭಾರ ನನಗೆ ಗೊತ್ತು."

ನನ್ನವಳ ಕೈ ಮತ್ತೆ ಕಣ್ಣಿಗೆ ಹೋಯಿತು. ಅಷ್ಟು ಸಾಕಾಯಿತು ನನಗೆ. ಎದ್ದು ಒಂದು ಎತ್ತಿನ ಕೊರಳ ಹಗ್ಗ ಬಿಚ್ಚಿ ಆಚೆ ಅಟ್ಟಿದೆ. ನೊಗದ ಒಂದು ತುದಿ ದೊಪ್ಪನೆ ನೆಲಕ್ಕೆ ಬಿತ್ತು. ಸಾಹೇಬರ ಕೈ ಸರಿಸಿ ನೇಗಿಲು ಹಿಡಿದೆ.

"ಬಾ ಚಿಕ್ಕಧಣಿ. ಭಾರ ಗೊತ್ತಲ್ಲ, ಕೊರಳು ಕೊಡು. ಅವತ್ತು ನಿಮ್ಮಪ್ಪ ಹಿಡಿದಿದ್ದ, ಇವತ್ತು ನಾನು ಹಿಡೀತೀನಿ."

ಮೈಕು ಇದನ್ನೂ ಊರಿಗೆಲ್ಲ ಹೇಳಿತು.

"ಸೂಳೆಮಗನೆ, ಬಿಡೋ ನೇಗಿಲು" ಎಂದು ಸಹಾಯಕ ಬೆನ್ನಿಗೆ ಒದ್ದ. ನಾನು ಬಿಡಲಿಲ್ಲ. ಇನ್ನೊಂದು ಸಲ ಒದ್ದ.

ಅಷ್ಟರಲ್ಲಿ ನನ್ನವಳು ಬದುವಿನಿಂದ ಇಳಿದು ಬಂದಳು. ನನ್ನ ಮುಖ ನೋಡಲಿಲ್ಲ. ಬಿದ್ದ ನೊಗದ ತುದಿಯನ್ನು ಎರಡೂ ಕೈಯಲ್ಲಿ ಎತ್ತಿ, ಸಾಹೇಬರ ಕೊರಳಿನ ಎತ್ತರಕ್ಕೆ ಹಿಡಿದು ನಿಂತಳು.

"ಬೇಗ ಬನ್ನಿ ಸಾಹೇಬ್ರೆ," ಅಂದಳು, "ಕೈ ನೋಯ್ತಿದೆ."