ಹಸಿರು ಪೆನ್ನಿನ ಪಾಳಿ

ನಮ್ಮ ಮನೆಯಲ್ಲಿ ಸಂಸಾರ ನಡೆಸುವುದು ನನ್ನ ಗಂಡ ಅರ್ನೆಲ್ ಅಲ್ಲ, ನಾನೂ ಅಲ್ಲ, ಫ್ರಿಜ್ಜಿನ ಬಾಗಿಲಿಗೆ ನೇತುಹಾಕಿದ ಕ್ಯಾಲೆಂಡರು. ಅವನದು ಕೆಂಪು ಪೆನ್ನು, ನನ್ನದು ನೀಲಿ. ಬೆಳಿಗ್ಗೆ ಏಳರಿಂದ ಮೂರರವರೆಗೆ ನಾನು ವೃದ್ಧಾಶ್ರಮದಲ್ಲಿ ಮುದುಕರ ಮೈ ತೊಳೆಯುತ್ತೇನೆ, ನಾಲ್ಕರಿಂದ ಏಳರವರೆಗೆ ನರ್ಸಿಂಗ್ ಕಾಲೇಜು. ಅರ್ನೆಲ್ ಹನ್ನೆರಡಕ್ಕೆ ಬ್ರೆಡ್ ಫ್ಯಾಕ್ಟರಿಗೆ ಹೋದರೆ ಬರುವುದು ಒಂಬತ್ತಕ್ಕೆ, ಅಷ್ಟರಲ್ಲಿ ನಾನು ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗಿರುತ್ತೇನೆ. ‘ಅನ್ನ ಕುಕ್ಕರಿನಲ್ಲಿದೆ’, ‘ನನ್ನ ಬೂಟು ಹೀಟರಿನ ಹತ್ತಿರ ಇಡು’, ಇಷ್ಟೇ ನಮ್ಮ ದಾಂಪತ್ಯದ ಮಾತುಕತೆ. ಮದುವೆಯಾಗಿ ಆರು ವರ್ಷ, ಅವನ ಮುಖಕ್ಕಿಂತ ಅವನ ಕೈಬರಹವೇ ನನಗೆ ಹೆಚ್ಚು ಪರಿಚಯ.

ಮಗುವೂ ಕ್ಯಾಲೆಂಡರಿನಲ್ಲೇ ಆಗಬೇಕಿತ್ತು. ಜೂನ್‌ನಲ್ಲಿ ನನ್ನ ಪರೀಕ್ಷೆ, ಆಮೇಲೆ ಲೈಸೆನ್ಸು, ಆಮೇಲೆ ಖಾಯಂ ವಾಸದ ಕಾಗದ, ಅದರ ಮುಂದಿನ ಸೆಪ್ಟೆಂಬರಿಗೆ ಮಗು. ಆ ವರ್ಷದ ಕ್ಯಾಲೆಂಡರು ಇನ್ನೂ ಅಚ್ಚೇ ಆಗಿರಲಿಲ್ಲ. ಅರ್ನೆಲ್ ತಡೆಯಲಾರದೆ ಈ ವರ್ಷದ ಕ್ಯಾಲೆಂಡರಿನ ಕೆಳಗಿನ ಅಂಚಿನಲ್ಲೇ ಒಂದು ಕೆಂಪು ನಕ್ಷತ್ರ ಬರೆದಿಟ್ಟಿದ್ದ. ಫ್ರಿಜ್ಜು ತೆಗೆಯುವಾಗಲೆಲ್ಲ ನಾನು ಅದರಿಂದ ಕಣ್ಣು ತಪ್ಪಿಸುತ್ತಿದ್ದೆ. ಯಾಕೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಒಬ್ಬಳೇ, ಪುರಿಂಗ್ ಅಕ್ಕ.

ವಿನ್ನಿಪೆಗ್‌ಗೆ ದೇಶ ಬಿಟ್ಟು ಬಂದ ಮೊದಲ ವರ್ಷ ನಾವು ಮೂವರೂ ಇದೇ ಎರಡು ಕೋಣೆಯ ಮನೆಯಲ್ಲಿ ಇದ್ದೆವು. ಪುರಿಂಗ್ ಅಕ್ಕ ನನ್ನ ವೃದ್ಧಾಶ್ರಮದಲ್ಲೇ ಬಟ್ಟೆ ಒಗೆಯುವ ಕೆಲಸದವಳು. ಫ್ರಿಜ್ಜಿಗೆ ಕ್ಯಾಲೆಂಡರು ಹಾಕುವ ಪಾಠ ಹೇಳಿಕೊಟ್ಟವಳೇ ಅವಳು, ಅವಳದು ಹಸಿರು ಪೆನ್ನು. ಇಪ್ಪತ್ತೆರಡು ವರ್ಷ ಹಿಂದೆ ಬಂದವಳು, ಕಾಗದ ಆಗಲಿ, ಮನೆ ಆಗಲಿ, ತಮ್ಮಂದಿರ ಓದು ಮುಗಿಯಲಿ ಎನ್ನುತ್ತಾ ಮಗುವನ್ನು ಮುಂದಕ್ಕೆ ಹಾಕಿದಳು. ಎಲ್ಲ ಆಗುವಷ್ಟರಲ್ಲಿ ನಲವತ್ತೈದು ಆಗಿತ್ತು, ಗಂಡ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದ.

"ಲೇ ಜೊವೆ, ಹೆತ್ತು ನನ್ನ ಕೈಗೆ ಕೊಡೇ ಸಾಕು," ಎನ್ನುತ್ತಿದ್ದಳು. "ನಿಮ್ಮಿಬ್ಬರ ಪಾಳಿ ಮಧ್ಯದ ಹೊತ್ತೆಲ್ಲ ನಂದು. ಸಂಬಳ ಬೇಡ, ಭಾನುವಾರ ರಜೆ ಕೊಟ್ರೆ ಸಾಕು."

ಎರಡು ಬೀದಿ ಆಚೆ ಬೇರೆ ಮನೆ ಮಾಡಿದ ಮೇಲೂ ನಮ್ಮ ಬೀಗದ ಕೈ ಅವಳ ಹತ್ತಿರವೇ ಇತ್ತು. ಹೋದ ಜನವರಿಯ ಕೊನೆಯಲ್ಲಿ, ಒಗೆದ ಹಾಸಿಗೆ ಬಟ್ಟೆ ಮಡಿಸುತ್ತಾ ಮಡಿಸುತ್ತಾ ಹಾಗೇ ಕುಸಿದು ಸತ್ತಳು.

ಆ ಶನಿವಾರ ಬೆಳಿಗ್ಗೆ ಅವಳ ಶವದ ಮುಂದೆ ಎರಡು ಗಂಟೆ ಕೂತೆವು. ಹೊರಡುವಾಗ ಜೊತೆ ಕೆಲಸದ ಬೆಲೆನ್ ಬಾಗಿಲಲ್ಲಿ ಕೂಗಿದಳು. "ನೆಟ್ಟಗೆ ಮನೆಗೆ ಹೋಗ್ಬೇಡ್ರಪ್ಪಾ! ಡೋನಟ್ ಅಂಗಡಿಗೆ ಬನ್ನಿ, ಎಲ್ಲ ಅಲ್ಲೇ ಸೇರ್ತಿದೀವಿ."

ನಮ್ಮ ದೇಶದವರಲ್ಲಿ ಅದು ಕಟ್ಟುನಿಟ್ಟು. ಸತ್ತವರ ಹತ್ತಿರ ಕೂತು ಬಂದವರು ನೇರ ಮನೆ ಸೇರಬಾರದು. ಬೇರೆಲ್ಲಾದರೂ ನಾಲ್ಕು ಜನರ ನಡುವೆ ಹೊತ್ತು ಕಳೆದು, ಹಿಂದೆ ಬಂದದ್ದನ್ನು ಅಲ್ಲೇ ಕೊಡವಿಕೊಂಡು ಹೋಗಬೇಕು. ಇಲ್ಲವಾದರೆ ಅದು ದಾರಿ ಕಲಿತುಬಿಡುತ್ತದೆ. ಇದು ಗೊತ್ತಿದ್ದೂ ನಾವು ಹೋಗಲಿಲ್ಲ, ನೇರ ಮನೆಯ ಬಸ್ಸು ಹತ್ತಿದೆವು. ಅವನಿಗೆ ಎರಡಕ್ಕೆ ಹೆಚ್ಚುವರಿ ಪಾಳಿ, ನನಗೆ ಮೂರಕ್ಕೆ ಕಂಪ್ಯೂಟರಿನಲ್ಲಿ ಟೆಸ್ಟು.

"ಪುರಿಂಗ್ ಅಕ್ಕ ನಮ್ಮವಳೇ ಅಲ್ವೇನೇ," ಎಂದ ಅರ್ನೆಲ್ ಬಸ್ಸಿನಲ್ಲಿ. "ಬಂದ್ರೆ ಬರ್ಲಿ ಬಿಡು. ಬೀಗದ ಕೈ ಬೇರೆ ಇದೆ."

ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಸೋಮವಾರದ ಚೌಕದಲ್ಲಿ, ನನ್ನ ನೀಲಿ, ಅವನ ಕೆಂಪಿನ ಕೆಳಗೆ ಹಸಿರಿನಲ್ಲಿ ಬರೆದಿತ್ತು: ‘ಹನ್ನೆರಡರಿಂದ ಏಳು, ನಾನು.’

ಇಂಥ ಹೊತ್ತಿನಲ್ಲಿ ಇವನಿಗೆ ತಮಾಷೆಯೇ ಎಂದು ನನಗೆ ಕೆಂಡದಂಥ ಕೋಪ ಬಂತು. ಒಂಬತ್ತಕ್ಕೆ ಅವನು ಬರುವವರೆಗೂ ನಿದ್ದೆ ಕೆಟ್ಟು ಕಾದೆ.

"ಸತ್ತವರ ಕೈಬರಹ ಬರೆಯೋಕೆ ನಾಚಿಕೆ ಆಗಲ್ವಾ ನಿಂಗೆ?"

"ನಾನ್ಯಾಕೆ ಬರೀಲಿ? ಬೆಳಿಗ್ಗೆ ನೋಡಿ ನೀನೇ ಬರ್ದಿದೀಯ ಅನ್ಕೊಂಡೆ. ಓದಿ ಓದಿ ತಲೆ ಕೆಟ್ಟಿದೆ ನಿಂಗೆ."

ಮನೆಯಲ್ಲಿ ಹಸಿರು ಪೆನ್ನೇ ಇರಲಿಲ್ಲ. ಡ್ರಾಯರೆಲ್ಲ ತಲೆಕೆಳಗು ಮಾಡಿ ಹುಡುಕಿದೆವು. ಮಂಗಳವಾರವೂ ಅದೇ ಬರಹ, ಬುಧವಾರವೂ ಅದೇ. ನಮ್ಮಿಬ್ಬರಲ್ಲಿ ಒಬ್ಬರೂ ಮನೆಯಲ್ಲಿ ಇರದ ಹೊತ್ತು ಮಾತ್ರ, ಒಂದು ನಿಮಿಷ ಹೆಚ್ಚಲ್ಲ, ಕಡಿಮೆಯಲ್ಲ.

ಆಮೇಲೆ ಮನೆ ಸ್ವಲ್ಪ ಸ್ವಲ್ಪವೇ ಬದಲಾಗತೊಡಗಿತು. ಅಡುಗೆಮನೆಯ ಟವೆಲುಗಳೆಲ್ಲ ಎಂಟು ಮಡಿಕೆಯಾಗಿ ಕೂತವು. ಒಂದು ಸಂಜೆ ಸಿಂಕಿನಲ್ಲಿ ಗಂಜಿ ಮೆತ್ತಿದ ಪುಟ್ಟ ಬಟ್ಟಲು, ಟೀ ಚಮಚ. ಇನ್ನೊಂದು ಸಂಜೆ ಟೇಬಲ್ಲಿನ ನಾಲ್ಕೂ ಮೂಲೆಗೆ ಅರ್ನೆಲ್‌ನ ಹಳೆಯ ಕಾಲುಚೀಲ ಸುತ್ತಿ ದಾರ ಕಟ್ಟಿತ್ತು. ಮೂಲೆ ಯಾರ ಹಣೆಗೆ ತಾಕುತ್ತದೆಂದು? ನನ್ನ ಸೊಂಟದೆತ್ತರದ ಟೇಬಲ್ಲಲ್ಲ ಅದು, ಮೊಣಕಾಲಿನೆತ್ತರದ್ದು.

ಹಸಿರು ಬರಹವೂ ಉದ್ದವಾಯಿತು. ‘ಗಂಜಿ ಅರ್ಧ ಬಟ್ಟಲು. ಬೆಲ್ಲ ಹಾಕಿದರೆ ತಿನ್ನುತ್ತೆ.’ ‘ಕೋರೆಹಲ್ಲು ಬರ್ತಿದೆ, ಕಿರಿಕಿರಿ.’ ಎರಡನೆಯ ವಾರದ ಗುರುವಾರ: ‘ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ.’

ಅದನ್ನು ಓದಿ ನಾನು ಫ್ರಿಜ್ಜಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ಬೆರಳು ಮಡಿಚಿ ಎಣಿಸಿದೆ. ಹದಿಮೂರು ತಿಂಗಳು ಸರಿಯಾಗಿ ತುಂಬಿತ್ತು.

ಮುಚ್ಚಿಡುವುದೇಕೆ, ಹೇಳಿಬಿಡುತ್ತೇನೆ. ಹೋದ ವರ್ಷದ ಹಿಂದಿನ ವರ್ಷ ಜೂನ್‌ನಲ್ಲಿ ನಾನು ಒಂಬತ್ತು ವಾರದ ಬಸುರಿ, ದಿನ ತುಂಬುವುದು ಜನವರಿಗೆ. ಮಾತ್ರೆ ಒಂದು ದಿನವೂ ತಪ್ಪಿಸಿದವಳಲ್ಲ, ಆದರೂ ಆಗಿತ್ತು. ಕಾಲೇಜಿನಲ್ಲಿ ಸೀಟು ಸಿಕ್ಕಿ ಹನ್ನೊಂದು ದಿನ. ಓದು ಬಿಟ್ಟರೆ ಇಲ್ಲಿ ಇರುವ ಪರವಾನಗಿ ಇಲ್ಲ, ಪರವಾನಗಿ ಇಲ್ಲದಿದ್ದರೆ ಇಬ್ಬರೂ ಗಂಟುಮೂಟೆ ಕಟ್ಟಬೇಕು. ಅರ್ನೆಲ್‌ಗೆ ಹೇಳಲಿಲ್ಲ. ಕ್ಯಾಲೆಂಡರಿನಲ್ಲಿ ‘ಹಲ್ಲಿನ ಡಾಕ್ಟರು’ ಎಂದು ನೀಲಿಯಲ್ಲಿ ಬರೆದು, ಪುರಿಂಗ್ ಅಕ್ಕನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಹೊರಗಿನ ಬೆಂಚಿನ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು.

"ಇಟ್ಕೊಳ್ಳೇ. ಆಣೆ ಮಾಡಿ ಹೇಳ್ತೀನಿ, ನಾನು ನೋಡ್ಕೋತೀನಿ. ನೀನು ಓದ್ಕೋ."

ನಾನು ಕೈ ಬಿಡಿಸಿಕೊಂಡು ಒಳಗೆ ಹೋದೆ. ಮಾಡಿದ್ದು ತಪ್ಪೆಂದು ಇವತ್ತಿಗೂ ಪೂರ್ತಿಯಾಗಿ ಅನ್ನಿಸುವುದಿಲ್ಲ. ಹೇಳದೇ ಮಾಡಿದ್ದು ಮಾತ್ರ ಹಗಲೂ ರಾತ್ರಿ ಚುಚ್ಚುತ್ತಿತ್ತು. ಈಗ ಆ ಗುಟ್ಟನ್ನು ಯಾರೋ ದಿನಕ್ಕೊಂದು ಸಾಲಿನಂತೆ ಗಂಡನ ಕಣ್ಣ ಮುಂದೆಯೇ ಬರೆಯುತ್ತಿದ್ದರು. ಅವನಿಗೆ ತಿಳಿದರೆ ನನ್ನನ್ನು ಬಿಟ್ಟುಹೋಗುತ್ತಾನೆ, ನನಗಿದ್ದ ಹೆದರಿಕೆ ಅದೊಂದೇ.

ಮರುದಿನ ಹಿಮಗಾಳಿ ಎದ್ದು ಕಾಲೇಜಿಗೆ ರಜೆ ಕೊಟ್ಟರು. ನಾಲ್ಕು ಗಂಟೆಗೇ ಮನೆಗೆ ಬಂದೆ. ಬಾಗಿಲು ತೆಗೆದಾಗ ಮಲಗುವ ಕೋಣೆಯಿಂದ ಸದ್ದು ಬರುತ್ತಿತ್ತು. ತಪ್, ತಪ್, ತಪ್. ಮಗುವಿನ ಬೆನ್ನು ತಟ್ಟುವ ಸದ್ದು. ಜೊತೆಗೆ ಹೆಂಗಸಿನ ಗಂಟಲಿನ ಶ್ ಶ್.

ಬೂಟು ಬಿಚ್ಚುವುದೂ ಮರೆತು ಕೋಣೆಯ ಬಾಗಿಲು ತಳ್ಳಿದೆ. ಸದ್ದು ನಿಂತಿತು. ಯಾರೂ ಇರಲಿಲ್ಲ. ಸೋಪಿನ ವಾಸನೆ, ಆಶ್ರಮದ ಒಗೆಯುವ ಕೋಣೆಯದು, ಗಾಢವಾಗಿತ್ತು. ಹೊದಿಕೆಯ ನಡುವೆ ಒಂದು ತಗ್ಗು, ಮೊರದಷ್ಟು ಅಗಲ. ಕೈಯಿಟ್ಟು ನೋಡಿದೆ. ಬೆಚ್ಚಗಿತ್ತು.

ಹೆದರಿಕೆಯಾಯಿತು ಎಂದರೆ ಅರ್ಧ ಸುಳ್ಳು. ನನಗಾದದ್ದು ಹೊಟ್ಟೆಕಿಚ್ಚು. ನಾಲ್ಕು ಹೆಜ್ಜೆ ಇಟ್ಟದ್ದನ್ನು ಅವಳು ನೋಡಿದ್ದಳು, ನಾನು ನೋಡಿರಲಿಲ್ಲ.

ಶನಿವಾರ ಸಂಜೆ ಅರ್ನೆಲ್ ನನಗಿಂತ ಮೊದಲು ಕ್ಯಾಲೆಂಡರಿನ ಮುಂದೆ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ. ನಾಳೆಯ ಚೌಕದಲ್ಲಿ ಹಸಿರು: ‘ನನಗೆ ರಜೆ. ತಾಯಿ ನೋಡಿಕೊಳ್ಳಲಿ.’

"ಯಾರ ತಾಯಿ? ಯಾರನ್ನ ನೋಡ್ಕೊಳ್ಳೋದು?" ಎಂದ. ನಾನು ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟೆ. "ಸಾಕು ಜೊವೆ. ಅವತ್ತು ಮಾಡದ್ದನ್ನ ನಾಳೆ ಮಾಡೋಣ. ಅದೇ ಬಟ್ಟೆ ಹಾಕ್ಕೊಂಡು ಡೋನಟ್ ಅಂಗಡಿಗೆ ಹೋಗೋಣ, ಅವಳನ್ನ ಅಲ್ಲೇ ಕೊಡವಿ, ಬೇರೆ ಬಸ್ಸಲ್ಲಿ ವಾಪಸ್ ಬರೋಣ."

ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಹೋದೆವು. ಶವದ ಮುಂದೆ ಉಟ್ಟಿದ್ದ ಅದೇ ಕಪ್ಪು ಬಟ್ಟೆ. ಅಂಗಡಿ ತುಂಬ ನಮ್ಮವರೇ, ನಗು, ಮಕ್ಕಳ ಗಲಾಟೆ. ಅರ್ನೆಲ್ ಮೂರು ಕಾಫಿ ತಂದು ಒಂದನ್ನು ಖಾಲಿ ಕುರ್ಚಿಯ ಮುಂದಿಟ್ಟ.

"ಕುಡಿ ಅಕ್ಕ. ಬೇಜಾರು ಮಾಡ್ಕೋಬೇಡ, ಇಲ್ಲೇ ಇದ್ದುಬಿಡು," ಎಂದ ತಗ್ಗಿದ ದನಿಯಲ್ಲಿ. ಆ ಗಂಭೀರ ಮುಖ ಬೇರೆ ದಿನವಾಗಿದ್ದರೆ ನನಗೆ ನಗು ತರಿಸುತ್ತಿತ್ತು.

ಹತ್ತು ನಿಮಿಷ ಕಳೆಯಿತು. ಅವಳಿಗೆ ಇವತ್ತು ರಜೆ. ನಾವಿಬ್ಬರೂ ಇಲ್ಲಿ. ಇವನು ಅವಳನ್ನು ಶಾಶ್ವತವಾಗಿ ಕೊಡವಿಬಿಟ್ಟರೆ ನಾಳೆ ಹನ್ನೆರಡರಿಂದ ಏಳರವರೆಗೆ ಅಲ್ಲಿ ಯಾರು? ನಾಡಿದ್ದು ಯಾರು? ಮೂಲೆಗಳಿಗೆ ಸುತ್ತಿದ ಕಾಲುಚೀಲ ನೆನಪಾಯಿತು, ಹಿಂದಿನ ದಿನ ಅರ್ನೆಲ್ ಅವನ್ನೆಲ್ಲ ಬಿಚ್ಚಿ ಎಸೆದಿದ್ದ. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ನಾನು ಹಲ್ಲಿನ ಡಾಕ್ಟರ ಹತ್ರ ಹೋಗಿರ್ಲಿಲ್ಲ," ಎಂದೆ.

ಎಲ್ಲ ಹೇಳಿದೆ. ಜೂನ್, ಬೆಂಚು, ಒಂಬತ್ತು ವಾರ, ಹದಿಮೂರು ತಿಂಗಳು. ಪಕ್ಕದ ಟೇಬಲ್ಲಿನ ಮಗುವೊಂದು ನೆಲಕ್ಕೆ ಚಮಚ ಎಸೆಯಿತು, ಅವನು ಬಗ್ಗಿ ಎತ್ತಿಕೊಟ್ಟ, ಆ ಕಡೆಯೇ ನೋಡುತ್ತ ಕೂತ.

"ನನ್ನ ಕೇಳ್ಲಿಲ್ಲ ನೀನು."

"ಕೇಳಿದ್ರೆ ನೀನು ತೆಗೆಸ್ಬೇಡ ಅಂತಿದ್ದೆ."

"ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ."

ಅವನ ಕಣ್ಣು ತುಂಬಿತು. ಸಿಟ್ಟೋ ದುಃಖವೋ ನನಗೆ ತಿಳಿಯಲಿಲ್ಲ. ಈಗ ಏಳುತ್ತಾನೆ, ಒಬ್ಬನೇ ಹೋಗುತ್ತಾನೆ, ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವನು ಎದ್ದ. ಕೋಟು ಹಾಕಿಕೊಂಡ. ನನ್ನ ಕೋಟನ್ನೂ ಎತ್ತಿ ನನ್ನ ಮಡಿಲಿಗೆ ಹಾಕಿದ.

"ಬೈಯೋದೆಲ್ಲ ಆಮೇಲೆ ಬೈತೀನಿ. ತುಂಬ ಬೈಯೋದಿದೆ. ಈಗ ಏಳು."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಒಂದು ಗಂಟೆ ಆಯ್ತು. ಮನೇಲಿ ಮಗು ಒಂದೇ ಇದೆ."

ಬೇರೆ ಬಸ್ಸು ಹಿಡಿಯಲಿಲ್ಲ. ಎಲ್ಲೂ ನಿಲ್ಲಲಿಲ್ಲ. ಬಂದ ದಾರಿಯಲ್ಲೇ, ಹಿಮದಲ್ಲಿ ಜಾರುತ್ತಾ, ಬಹುತೇಕ ಓಡಿಕೊಂಡು ಹೋದೆವು. ಬಾಗಿಲ ಹೊರಗೇ ಕೇಳಿಸಿತು, ತಪ್, ತಪ್, ತಪ್. ಪಾಪ, ರಜೆಯ ದಿನವೂ ಅವಳು ಎದ್ದು ಹೋಗಿರಲಿಲ್ಲ.

ಅರ್ನೆಲ್ ಬೂಟುಗಾಲಿನಲ್ಲೇ ಕೋಣೆಗೆ ನಡೆದು ಹಾಸಿಗೆಯ ಅಂಚಿನಲ್ಲಿ ಕೂತ. ಸದ್ದು ನಿಂತಿತು. ನನ್ನ ಪಕ್ಕದಲ್ಲೇ ಸೋಪಿನ ವಾಸನೆ ಹಾದು ಹೋಯಿತು. ಮುಂಬಾಗಿಲು ಮೆತ್ತಗೆ ಮುಚ್ಚಿಕೊಂಡಿತು, ಹೊರಗಿನಿಂದ ಬೀಗ ಹಾಕಿದ ಸದ್ದಾಯಿತು.

"ಹೆಸರು ಇಟ್ಟಿದ್ಯಾ?" ಎಂದು ಕೇಳಿದ, ತಿರುಗಿ ನೋಡದೆ.

"ಇಲ್ಲ."

ಅವನು ಬ್ರೆಡ್ಡಿನ ಒಲೆಯಲ್ಲಿ ಸುಟ್ಟು ಒರಟಾದ ಅಂಗೈಯನ್ನು ಹೊದಿಕೆಯ ತಗ್ಗಿನ ಮೇಲಿಟ್ಟು, ಅಭ್ಯಾಸವಿಲ್ಲದವರಂತೆ, ಸ್ವಲ್ಪ ಜೋರಾಗಿಯೇ ತಟ್ಟತೊಡಗಿದ. ನಾನು ಹತ್ತಿರ ಹೋಗಿ ನೆಲದ ಮೇಲೆ ಮೊಣಕಾಲೂರಿದೆ. ಅವನ ಕೈಯ ಕೆಳಗೆ ಹೊದಿಕೆ ಒಮ್ಮೆ ಏರಿ, ಮೆಲ್ಲಗೆ ಇಳಿಯಿತು. ಇಬ್ಬರೂ ನೋಡಿದೆವು. ಅರ್ನೆಲ್ ಕೈ ತೆಗೆಯಲಿಲ್ಲ.