ಭಾವನ ಕುರಿತೊಗಲಿನ ಕೋಟು

ನನ್ನ ಭಾವ ತಿಲೆಗೆನ್ ಅವರನ್ನು ಆಡಿಕೊಳ್ಳುವುದು ನನ್ನ ಹಕ್ಕು. ಅಕ್ಕ ರೌಜಾಳನ್ನು ಮದುವೆ ಮಾಡಿಕೊಟ್ಟಾಗ ಅವಳ ಜೊತೆ ನನ್ನ ನಾಲಿಗೆಯನ್ನೂ ಕಳಿಸಿಕೊಟ್ಟಿದ್ದೇವೆ. ಇಪ್ಪತ್ತೆಂಟು ವರ್ಷದಿಂದ ನಾನು ಒಂದು ಅಂದರೆ ಅವರು ಎರಡು ಅನ್ನುತ್ತಾರೆ. ಭಾವಮೈದುನನ ಮಾತಿಗೆ ಸಿಟ್ಟಾಗುವವರಿಗೆ ನಮ್ಮ ಕಜಾಕರಲ್ಲಿ ಯಾರೂ ಹೆಣ್ಣೇ ಕೊಡುವುದಿಲ್ಲ.

ನಡುವೆ ಎರಡು ಚಳಿಗಾಲ ಮಾತ್ರ ಅವರು ತಿರುಗಿ ಆಡಲಿಲ್ಲ. ಹತ್ತು ವರ್ಷ ಜೊತೆಗಿದ್ದ ಹದ್ದನ್ನು ಬೆಟ್ಟಕ್ಕೆ ಬಿಟ್ಟುಬಂದಿದ್ದರು. ಅಷ್ಟು ವರ್ಷ ನಮಗಾಗಿ ಬೇಟೆಯಾಡಿದ ಹಕ್ಕಿ ಇನ್ನು ಗೂಡು ಕಟ್ಟಿ ಮರಿ ಮಾಡಬೇಕು, ಬಿಡಲೇಬೇಕು. ಒಂದು ಕುರಿ ಕೊಯ್ದು ಅದರ ಮುಂದಿಟ್ಟು, ಹಿಂದೆ ತಿರುಗಿ ನೋಡದೆ ಬಂದರು. ಬಂದು ಕೂತವರು ಕೂತೇಬಿಟ್ಟರು. ನಾನು ಅವರ ಮೂಗನ್ನು ಆಡಿಕೊಂಡೆ, ಕುದುರೆಯನ್ನು ಆಡಿಕೊಂಡೆ, ಗೊರಕೆಯನ್ನೂ ಬಿಡಲಿಲ್ಲ. ಎಲ್ಲದಕ್ಕೂ ಬರೀ "ಹೂಂ." ಒಂದು ದಿನ ಅಕ್ಕ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು ಅತ್ತಳು.

"ನೀನ್ ಇಷ್ಟ್ ಕೆಣಕಿದ್ರೂ ಬಾಯ್ ಬಿಡಲ್ವಲ್ಲೋ ಕಾಬಿಲ್. ನಂಗೆ ಭಯ ಆಗ್ತಿದೆ."

ನನಗೂ ಭಯವೇ ಆಗಿತ್ತು.

ಹೋದ ಬೇಸಿಗೆಯಲ್ಲಿ, ಅರವತ್ತು ದಾಟಿದ ಈ ಮನುಷ್ಯ ಸೊಂಟಕ್ಕೆ ಹಗ್ಗ ಬಿಗಿದು, ಕಡಿದಾದ ಬಂಡೆ ಇಳಿದು, ಗೂಡಿನಿಂದ ಒಂದು ಹೆಣ್ಣುಮರಿ ತಂದರು. ಹಗ್ಗದ ಈ ತುದಿ ಹಿಡಿದವನು ನಾನು.

ಮೇಲೆ ಬಂದು ಏದುಸಿರು ಬಿಡುತ್ತ ಅಂದರು, "ಎಲ್ಲಿ ಕೈ ಬಿಡ್ತೀಯೋ ಅಂತ ದೇವ್ರನ್ನ ನೆನೀತಾ ಇದ್ದೆ ಕಣೋ."

"ಬಿಟ್ರೆ ಅಕ್ಕ ವಾಪಸ್ ನಮ್ಮನೇಗೇ ಬರ್ತಾಳಲ್ಲ ಭಾವ. ಅವಳ ಬಾಯಿ ತಡ್ಕೊಳೋರು ಯಾರು?"

ಅವರು ನಕ್ಕರು. ಎರಡು ವರ್ಷ ಆದ ಮೇಲೆ. ಹಗ್ಗ ಸುತ್ತುವ ನೆಪದಲ್ಲಿ ನಾನು ಆ ಕಡೆ ತಿರುಗಿಕೊಂಡೆ.

ಅಂದಿನಿಂದ ಮನೆಯಲ್ಲಿ ಹದ್ದಿನದೇ ರಾಜ್ಯ. ಒಲೆಯ ಪಕ್ಕದ ಮೂಲೆಯಲ್ಲಿ ಅದಕ್ಕೊಂದು ಮರದ ಗೂಟ, ಕಣ್ಣಿಗೆ ತೊಗಲಿನ ಟೊಪ್ಪಿಗೆ. ಭಾವ ಅದನ್ನು "ಮಗಳೇ" ಎಂದೇ ಕರೆಯುತ್ತಿದ್ದರು. ಅಕ್ಕ ನೀರಲ್ಲಿ ಕಿವುಚಿ ಕಿವುಚಿ ರಕ್ತ ತೆಗೆದ ಬಿಳಿ ಮಾಂಸವನ್ನು ಭಾವ ತಮ್ಮ ಕೈಯಾರೆ, ಸಣ್ಣ ಸಣ್ಣ ತುಂಡು ಮಾಡಿ ತಿನ್ನಿಸಬೇಕು. ಸತ್ವ ತೆಗೆದ ಮಾಂಸ ಯಾಕೆಂದರೆ, ಹೊಟ್ಟೆ ತುಂಬಿದ ಹಕ್ಕಿ ಕರೆದರೆ ಬರುವುದಿಲ್ಲ. ಅಕ್ಕನಿಗೆ ಒಂದು ಲೋಟ ಚಹಾ ಸುರಿದುಕೊಡದ ಗಂಡಸು ಹದ್ದಿನ ಕೊಕ್ಕು ಒರೆಸುತ್ತಿದ್ದರು.

ಇನ್ನು ಆ ಕೋಟು. ನನ್ನ ಅಕ್ಕನ ಮದುವೆಗಿಂತ ಹಳೆಯ ಕುರಿತೊಗಲಿನ ಕೋಟು. ಅದರಲ್ಲಿ ಕುದುರೆ ಬೆವರು, ನರಿಯ ಕೊಬ್ಬು, ನಶ್ಯ ಎಲ್ಲ ಇತ್ತು. ಮನೆಯೊಳಗೆ ಅದು ಮೊದಲು ಬರುತ್ತಿತ್ತು, ಭಾವ ಆಮೇಲೆ. ಅಕ್ಕ ತೊಳೆಯಲು ಕೇಳಿದರೆ, "ಮುಟ್ಬೇಡ. ಮಗಳಿಗೆ ಕೈ ಒಂದೇ ಇರ್ಬೇಕು, ದನಿ ಒಂದೇ ಇರ್ಬೇಕು, ಕೋಟೂ ಒಂದೇ ಇರ್ಬೇಕು," ಅನ್ನುತ್ತಿದ್ದರು. ಈ ಮಾತು ನೆನಪಿರಲಿ. ಆಡಿದವರಿಗೇ ನೆನಪಿರಲಿಲ್ಲ.

ಶರತ್ಕಾಲ ಪೂರ್ತಿ ಹದ್ದಿನ ಕಾಲಿಗೆ ಉದ್ದನೆಯ ದಾರ ಕಟ್ಟಿ ಕರೆದು ಅಭ್ಯಾಸ ಮಾಡಿಸಿದರು. ಮೊದಲ ಹಿಮ ಬಿದ್ದ ಮೇಲೆ ದಾರ ಬಿಚ್ಚಿ ಕರೆಯುವ ದಿನ ನಿಗದಿಯಾಯಿತು. ಕರೆದಾಗ ಬಂದರೆ ಹದ್ದು ಅವರದು, ಬಾರದಿದ್ದರೆ ಬೆಟ್ಟದ್ದು. ಮರಿಯಾಗಿ ಬಂದ ಹಕ್ಕಿಗೆ ಇನ್ನೂ ಬೇಟೆ ಬರುವುದಿಲ್ಲ, ಹೋದರೆ ಚಳಿಗಾಲ ದಾಟುವುದೂ ಕಷ್ಟ. ಅಕ್ಕ ನನಗೆ ಒಂದೇ ಮಾತು ಹೇಳಿದಳು. "ಇದೂ ಹೋದ್ರೆ ನಿಮ್ ಭಾವ ಮತ್ತೆ ಮಾತಾಡಲ್ಲ."

ನೋಡಲು ಅಕ್ಕಪಕ್ಕದವರೆಲ್ಲ ಬರುತ್ತಾರೆಂದು ಅಕ್ಕ ಎರಡು ತಿಂಗಳು ಕೂತು ಕಪ್ಪು ಮಖಮಲ್ಲಿನ ಹೊಸ ಕೋಟು ಹೊಲಿದಿದ್ದಳು, ಎದೆಯ ಮೇಲೆಲ್ಲ ಕಸೂತಿ. ಬೇಡ ಬೇಡ ಅಂತಲೇ ಭಾವ ಅದನ್ನು ತೊಟ್ಟು ಕನ್ನಡಿಗೆ ಮೂರು ಸಲ ಮುಖ ತೋರಿಸಿದರು.

"ಏನ್ ಭಾವ, ಇನ್ನೊಂದ್ ಮದುವೇನಾ?"

"ಹೆಣ್ ಕೊಡೋರ್ ಇದಾರೆ ಕಣೋ. ಇನ್ನೊಬ್ಬ ಭಾವಮೈದುನನ್ನ ತಡ್ಕೊಳೋ ಶಕ್ತಿ ಇಲ್ಲ ಅಷ್ಟೇ."

ಹದ್ದನ್ನು ಕೈಮೇಲೆ ಹೊತ್ತು ಬೆಟ್ಟದ ತುದಿಯಿಂದ ಬಿಡುವವನು ನಾನು. ಹೊರಡುವಾಗ ಅಕ್ಕ, "ಮೇಲೆ ಗಾಳಿ ಕೊರೆಯುತ್ತೆ," ಅಂತ ನನ್ನ ಮೈಮೇಲೆ ಹಳೆಯ ಕೋಟು ಹೊದಿಸಿದಳು. ಯಾರಿಗೂ ಏನೂ ಹೊಳೆಯಲಿಲ್ಲ. ನಾನು ಮೂಗು ಮುಚ್ಚಿಕೊಂಡು ಕುದುರೆ ಹತ್ತಿದೆ.

ತುದಿಯಲ್ಲಿ ಟೊಪ್ಪಿಗೆ ತೆಗೆದೆ. ಕೆಳಗೆ ಭಾವ ಕೈಗವಸಿನಲ್ಲಿ ಮೊಲದ ಕಾಲು ಹಿಡಿದು "ಕೇ... ಕೇ..." ಎಂದು ಕೂಗಿದರು. ಹದ್ದು ಹಾರಿತು. ನೇರ ಇಳಿಯಿತು. ಇಳಿದಿಳಿದು, ಭಾವನ ತಲೆಯ ಮೇಲೆ ಒಂದು ಸುತ್ತು ಹಾಕಿ, ಮಖಮಲ್ಲನ್ನು ಚೆನ್ನಾಗಿ ನೋಡಿ, ತಿರುಗಿ ಮೇಲೆ ಬಂದು ನನ್ನಿಂದ ಹತ್ತು ಮಾರು ದೂರದ ಬಂಡೆಯ ಮೇಲೆ ಕೂತಿತು. ಕೆಳಗಿನ ದನಿ ಕೇಳಿತು, ಅತ್ತ ಕತ್ತು ತಿರುಗಿಸಿತು. ನನ್ನ ಕೋಟು ನೋಡಿತು, ಇತ್ತ ತಿರುಗಿಸಿತು. ಅದರ ಅಪ್ಪ ಅರ್ಧ ಅಲ್ಲಿ, ಅರ್ಧ ಇಲ್ಲಿ.

ಮೊದಲು ನನಗೆ ನಗು ಬಂತು. ಆಮೇಲೆ ಗಾಳಿ ಎದ್ದಿತು. ಹದ್ದು ರೆಕ್ಕೆ ಬಿಚ್ಚಿ, ಬೆನ್ನ ಹಿಂದಿನ ಕಣಿವೆಯ ಕಡೆ ಮುಖ ಮಾಡಿತು. ಭಾವ ಕೂಗುತ್ತಲೇ ಇದ್ದರು, ದನಿ ಒಡೆದಿತ್ತು.

ಕೋಟು ಕಿತ್ತು ಮುದುರಿ, ಹಿಮದ ಮೇಲೆ ಹಾಕಿ, ಕೋಳಿ ಕಾವಿಗೆ ಕೂತಂತೆ ಅದರ ಮೇಲೆ ಕೂತುಬಿಟ್ಟೆ. ಬರೀ ಅಂಗಿಯಲ್ಲಿ ಹಲ್ಲು ಕಟಕಟ ಅನ್ನುತ್ತಿತ್ತು. "ಭಾವ, ಕೋಟ್ ಬಿಚ್ರಿ," ಎಂದು ಗಂಟಲು ಹರಿಯುವಂತೆ ಕೂಗಿದೆ. ಅವರಿಗೆ ಕೇಳಿಸಿತೋ, ತಾವೇ ಆಡಿದ ಮಾತು ನೆನಪಾಯಿತೋ, ಎರಡು ತಿಂಗಳ ಕಸೂತಿಯನ್ನು ಕುದುರೆ ಲದ್ದಿಯ ಮೇಲೆ ಎಸೆದು ಅವರೂ ಅಂಗಿಯಲ್ಲಿ ನಿಂತರು.

"ಕೇ... ಮಗಳೇ... ಕೇ..."

ಈಗ ಕೋಟು ಎಲ್ಲೂ ಇರಲಿಲ್ಲ, ದನಿ ಒಂದೇ ಇತ್ತು. ಹದ್ದು ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಬಂಡೆಯಿಂದ ಜಾರಿ, ಒಂದು ಸಲವೂ ರೆಕ್ಕೆ ಬಡಿಯದೆ, ಭಾವನ ಕೈಮೇಲೆ ಹೋಗಿ ಕೂತಿತು.

ನಾನು ಕೆಳಗೆ ಬಂದಾಗ ಭಾವ ಹದ್ದಿನ ಎದೆಗೆ ಹಣೆ ಒತ್ತಿ ಅಳುತ್ತಿದ್ದರು. ದಾರಿಯುದ್ದಕ್ಕೂ ಆಡಿಕೊಳ್ಳಲು ಮೂರು ಮಾತು ಜೋಡಿಸಿಕೊಂಡು ಬಂದಿದ್ದೆ. ಸುಮ್ಮನೆ ಹಳೆಯ ಕೋಟನ್ನು ಅವರ ಹೆಗಲಿಗೆ ಹಾಕಿದೆ.

ಅವರು ಮುಖ ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನೋ ಕಾಬಿಲ್, ಎಷ್ಟ್ ಮೊಟ್ಟೆ ಇಟ್ಟೆ?"

ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಅಕ್ಕ ಮಾತ್ರ ನಗಲಿಲ್ಲ. ಮಖಮಲ್ಲಿಗೆ ಅಂಟಿದ ಲದ್ದಿ ಕೊಡವುತ್ತ ನನ್ನ ಪಕ್ಕಕ್ಕೆ ಬಂದಳು, ಕಣ್ಣು ತುಂಬಿತ್ತು.

"ಆ ಹಳೇ ಕೋಟನ್ನ ಇನ್ ಯಾವತ್ತೂ ತೊಳೀತೀನಿ ಅನ್ನಲ್ಲ ಕಣೋ," ಅಂದಳು. "ನಾತ ಹೊಡೀಲಿ."